ಮರ್ಫಿಯ ಮನೆಶಾಲೆಯಲ್ಲಿ ಹದಿನೆಂಟನೆಯ ಶತಮಾನ

ಬೇರೆಯವರು ಬೆಳಿಗ್ಗೆ ಎದ್ದು ಇವತ್ತು ಯಾವ ವಾರ ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ಇವತ್ತು ಯಾವ ಶತಮಾನ ಎಂದು ಕೇಳಿಕೊಂಡೇ ಹಾಸಿಗೆ ಬಿಡಬೇಕು. ಕೇಳದೆ ಕೆಳಗಿಳಿದು ಬಂದು ನಾನು ಪೇಚಿಗೆ ಸಿಕ್ಕ ದಿನಗಳಿಗೆ ಲೆಕ್ಕವಿಲ್ಲ.

ಇದಕ್ಕೆಲ್ಲ ಕಾರಣ ನಮ್ಮ ಹತ್ತು ವರ್ಷದ ಮಗಳು. ಟೆಕ್ಸಾಸ್‌ನ ಲೂಯಿಸ್‌ವಿಲ್ ಎಂಬ ಊರಿನ ಅಪಾರ್ಟ್‌ಮೆಂಟಿನಿಂದ ಮರ್ಫಿ ಎಂಬ ಊರಿನ ಸ್ವಂತ ಮನೆಗೆ ನಾವು ಶಿಫ್ಟ್ ಆದಾಗ ಶಾಲೆಯ ವರ್ಷ ಅರ್ಧ ಕಳೆದಿತ್ತು. ಸದ್ಯಕ್ಕೆ ಮನೆಯಲ್ಲೇ ಓದಲಿ, ಆಮೇಲೆ ನೋಡೋಣ ಎಂದುಕೊಂಡೆವು. ನಮ್ಮಾಕೆಗೆ ಡಾಲಸ್‌ನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನಾನು ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು. ಹೀಗಾಗಿ ಮೇಷ್ಟರ ಕೆಲಸ ನನ್ನ ತಲೆಗೆ ಬಂತು. ನಾನು ಕಲಿಸಿದ್ದು ಕಡಿಮೆ. ಅವಳು ಲೈಬ್ರರಿಯಿಂದ ಹೊತ್ತು ತಂದು ಓದುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತಿದ್ದೆ. ಅಮೆರಿಕ ಇನ್ನೂ ಇಂಗ್ಲೆಂಡಿನ ರಾಜನ ವಸಾಹತಾಗಿದ್ದ ಕಾಲದ ಪುಸ್ತಕವೊಂದು ಕೈಗೆ ಸಿಕ್ಕಿದ್ದೇ ತಡ, ಹುಡುಗಿ ಅಲ್ಲಿಗೇ ಶಿಫ್ಟ್ ಆಗಿಬಿಟ್ಟಳು. ಓದಿದ್ದನ್ನು ಮಾಡಿ ನೋಡದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ.

ನಮ್ಮಾಕೆಗೆ ಮಾತ್ರ ಒಳಗೊಳಗೇ ಅಳುಕು. ಕೊನೆಗೆ ಒಂದು ಷರತ್ತು ಹಾಕಿದಳು. "ಮೇ ತಿಂಗಳಲ್ಲಿ ಮೈಸೂರಿಂದ ನಮ್ಮಪ್ಪ ಬರ್ತಾರೆ. ಅವರು ಇವಳನ್ನ ಪರೀಕ್ಷೆ ಮಾಡಲಿ. ಸಾಲದು ಅಂದ್ರೆ ಆಗಸ್ಟ್‌ನಲ್ಲಿ ಸ್ಕೂಲಿಗೆ. ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಕೂರಬಾರದು."

ಮಾವ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹೆಣ್ಣು ನೋಡಲು ಹೋದ ದಿನ ನನಗೂ ಒಂದು ಲೆಕ್ಕ ಕೊಟ್ಟಿದ್ದರು. ಅದನ್ನು ಬಿಡಿಸಲಾಗದೆ ನಾನು ಇನ್ನೊಂದು ಸಲ ಉಪ್ಪಿಟ್ಟು ಹಾಕಿಸಿಕೊಂಡಿದ್ದೆ. ಅಂಥವರ ಪರೀಕ್ಷೆ ಎಂದ ಕೂಡಲೇ ಮಗಳ ಮುಖ ಬಾಡಿತು. ನನಗೂ ಸಂಕಟವಾಯಿತು. ನಿಜ ಹೇಳುತ್ತೇನೆ, ಅವಳ ಜೊತೆ ಕೂತು ಓದಿದ ಆ ಬೆಳಗುಗಳನ್ನು ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

(ಒಂದು ಮಾತು. ಮಗಳು ನಿಜವಾಗಿ ಆಡುವುದು ಮುಕ್ಕಾಲು ಇಂಗ್ಲಿಷು. ಬರೆಯುವಾಗ ನಾನೇ ಅದನ್ನು ಕನ್ನಡಕ್ಕೆ ತಂದಿದ್ದೇನೆ.)

ಗುರುವಿನ ಹುಡುಕಾಟ

ಒಂದು ಬೆಳಿಗ್ಗೆ ನಾನು ಮೀಟಿಂಗ್ ಮುಗಿಸಿ ಹೆಡ್‌ಫೋನ್ ತೆಗೆಯುವಷ್ಟರಲ್ಲಿ ಮಗಳು ಅಡುಗೆಮನೆಯ ಏಪ್ರನ್ ಕಟ್ಟಿಕೊಂಡು ನನ್ನ ಮೇಜಿನ ಮುಂದೆ ನಿಂತಿದ್ದಳು. ಆ ಕಾಲದಲ್ಲಿ ಅವಳ ವಯಸ್ಸಿಗೆ ಸ್ವಲ್ಪ ಮೇಲ್ಪಟ್ಟ ಮಕ್ಕಳನ್ನು ಕಮ್ಮಾರನ ಮನೆಗೋ ಬಡಗಿಯ ಮನೆಗೋ ಕಸುಬು ಕಲಿಯಲು ಬಿಡುತ್ತಿದ್ದರಂತೆ. ಊಟ, ಬಟ್ಟೆ ಗುರುವಿನ ಖರ್ಚು.

"ಅಪ್ಪಾ, ನಿನ್ನ ಕಸುಬು ಯಾವುದು?" ಎಂದಳು.

"ಟೆಸ್ಟಿಂಗ್‌ವಾ" ಎಂದೆ. ನಾನು ಹುಬ್ಬಳ್ಳಿಯವನು, ಮಗಳ ಮುಂದೆ ಬೇರೆ ಭಾಷೆ ಬಾಯಿಗೆ ಬರುವುದಿಲ್ಲ.

"ಅಂದರೆ ಏನು ತಯಾರು ಮಾಡ್ತೀಯ?"

"ನಾ ಏನೂ ತಯಾರ್ ಮಾಡಂಗಿಲ್ಲ. ಬ್ಯಾರೆಯವರು ಮಾಡಿದ್ದರಾಗ ತಪ್ಪು ಹುಡುಕ್ತೀನಿ."

ಅವಳು ಯೋಚಿಸಿದಳು. "ದಿನವೆಲ್ಲ ಅದೇನಾ?"

"ದಿನಾ ಪೂರ್ತಿ ಅದ ಕೆಲಸ."

ಮಗಳು ಏಪ್ರನ್ ಬಿಚ್ಚಿ ಮಡಚಿದಳು. "ಹಾಗಾದರೆ ನಾನು ಅಮ್ಮನ ಹತ್ತಿರ ಸೇರಿಕೊಳ್ತೀನಿ. ಈ ಕಸುಬಿನಲ್ಲಿ ಅವಳೇ ನಿನಗಿಂತ ಸೀನಿಯರ್."

ಡಂಗುರ

ಲೂಯಿಸ್‌ವಿಲ್‌ನ ಹಳೆಯ ಸ್ನೇಹಿತರು ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ, ಮನೆಗೊಂದು ಅಡುಗೆ ತಂದು ಹಂಚಿಕೊಂಡು ಉಣ್ಣುವ ಯುಗಾದಿ ಪಾಟ್‌ಲಕ್ ಇಟ್ಟುಕೊಂಡಿದ್ದರು. ಆ ವಾರ ಮನೆಯಲ್ಲಿ ನಡೆಯುತ್ತಿದ್ದದ್ದು ಡಂಗುರದವನ ಪಾಠ. ಊರಿನ ಚೌಕದಲ್ಲಿ ನಿಂತು ಗಂಟೆ ಬಾರಿಸಿ ಸುದ್ದಿ ಸಾರುವ ಮನುಷ್ಯ. ಸುದ್ದಿ ಸಾರಲು ಗಂಟೆ ಬೇಕಲ್ಲ, ನಮ್ಮ ದೇವರ ಮನೆಯ ಗಂಟೆ ಅವಳ ಬ್ಯಾಗಿನಲ್ಲಿ ಕೂತು ಲೂಯಿಸ್‌ವಿಲ್‌ಗೆ ಬಂದಿದೆ ಎಂದು ನಮಗೆ ಗೊತ್ತಿರಲಿಲ್ಲ.

ಊಟ ಅರ್ಧ ಆಗಿತ್ತು. ಮಗಳು ಕುರ್ಚಿ ಹತ್ತಿ ಗಂಟೆ ಬಾರಿಸಿದಳು. ಜನ ಗಾಬರಿಯಾಗಿ ತಟ್ಟೆ ಕೆಳಗಿಟ್ಟರು. ಅಂಕಲ್‌ಗಳು ಶೂ ಕಳಚಿ ಕೆನ್ನೆ ಬಡಿದುಕೊಂಡರು. ಆಂಟಿಯೊಬ್ಬರು ಸೆರಗು ಹೊದ್ದುಕೊಂಡು, "ಮಂಗಳಾರತಿ ಊಟಕ್ಕೆ ಮುಂಚೆ ಆಗಬೇಕಿತ್ತು, ಯಾರಿಗೂ ಒಂದು ಪದ್ಧತಿ ಗೊತ್ತಿಲ್ಲ" ಎಂದು ಗೊಣಗುತ್ತ ಎರಡೂ ಕೈ ಚಾಚಿ ಮುಂದೆ ಬಂದರು. ಆರತಿ ತಟ್ಟೆ ಎಲ್ಲಿದೆ ಎಂದು ಎಲ್ಲರೂ ಹುಡುಕುತ್ತಿದ್ದಾಗ ಮಗಳು ಕಂಚಿನ ಕಂಠದಲ್ಲಿ ಕೂಗಿದಳು.

"ಕೇಳಿರಿ, ಕೇಳಿರಿ, ಊರ ಮಹಾಜನರೇ ಕೇಳಿರಿ! ಕಡೆಯ ಹೋಳಿಗೆ ರೌಂಡ್ ರಾಕ್ ಅಂಕಲ್ ಜೇಬಿನಲ್ಲಿದೆ!"

ರೌಂಡ್ ರಾಕ್ ಅಂಕಲ್ ಎಂದರೆ ಆಸ್ಟಿನ್ ಹತ್ತಿರದ ಆ ಹೆಸರಿನ ಊರಲ್ಲಿ ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿರುವ ನಮ್ಮ ಸ್ನೇಹಿತರು. ಹೋಳಿಗೆ ಎಂದರೆ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬರುವ ಭಕ್ತರು. ಆ ಹೊತ್ತಿಗೆ ಅವರು ಕೈಮುಗಿದು ಕಣ್ಣು ಮುಚ್ಚಿ ಎಲ್ಲರಿಗಿಂತ ಮುಂದೆ ನಿಂತಿದ್ದರು. ನಿಧಾನವಾಗಿ ಕಣ್ಣು ಬಿಟ್ಟರು. ಜೇಬಿನಿಂದ ಟಿಶ್ಯೂ ಸುತ್ತಿದ ಪೊಟ್ಟಣ ತೆಗೆದರು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ ಹೋಳಿಗೆಯನ್ನು ಚೂರು ಚೂರು ಮುರಿದು, "ಪ್ರಸಾದ ತಗೊಳ್ರಪ್ಪ, ಪ್ರಸಾದ" ಎಂದು ಹಂಚುತ್ತ ಹೋದರು.

ಹ್ಯೂಸ್ಟನ್‌ನಲ್ಲಿ ಸಂಸ್ಕಾರ

ಹ್ಯೂಸ್ಟನ್‌ನಲ್ಲಿ ನಮ್ಮ ಕಡೆಯ ಒಂದು ಮನೆಯಿದೆ. ವಿಜಯಪುರದಿಂದ ಬಂದು ಸ್ವಂತ ಬಿಸಿನೆಸ್ ಮಾಡಿಕೊಂಡವರು. ಗಂಡ ಹೆಂಡತಿ ಇಬ್ಬರೂ ಬಂಗಾರದಂಥ ಮನುಷ್ಯರು, ಇಬ್ಬರು ಗಂಡುಮಕ್ಕಳು ಮಾತ್ರ ಸೋಫಾದ ಮೇಲೆ ನಡೆಯುತ್ತಾರೆ, ನೆಲದ ಮೇಲೆ ನಡೆಯುವುದಿಲ್ಲ. ವಾರಾಂತ್ಯಕ್ಕೆ ಅಲ್ಲಿಗೆ ಹೋಗಿದ್ದೆವು.

ಭಾನುವಾರ ಊಟಕ್ಕೆ ಕೂತಾಗ ಮಗಳು ಕೂರಲಿಲ್ಲ. ಮೇಜಿನ ತುದಿಯಲ್ಲಿ ನಿಂತೇ ಜೋಳದ ರೊಟ್ಟಿ ತಿಂದಳು. ಬಾಯಿ ಬಿಡಲಿಲ್ಲ. ಏನಾದರೂ ಕೇಳಿದರೆ ಮೊಣಕಾಲು ಬಗ್ಗಿಸಿ ವಂದಿಸಿ, "ಹೌದು ಅಮ್ಮಾ", "ಆಗಲಿ ಅಮ್ಮಾ" ಅಷ್ಟೇ. ಇನ್ನೊಂದು ಚಮಚ ಎಣ್ಣೆಗಾಯಿ ಬೇಕಿದ್ದರೂ ದೊಡ್ಡವರು ಕೇಳುವ ತನಕ ಕಾದಳು.

ಮನೆಯ ಆಂಟಿ ಕರಗಿ ಹೋದರು. ತಮ್ಮ ಮಕ್ಕಳ ಕಡೆ ತಿರುಗಿ, "ನೋಡ್ರಿಲ್ಲೆ! ಇದಕ್ಕ ಅಂತಾರ ಸಂಸ್ಕಾರ. ಸಾಲಿಗೆ ಹೋಗದ ಹುಡುಗಿ ಹೆಂಗ ಅದಾಳ, ಸಾಲಿಗೆ ಹೋಗಿ ನೀವು ಹೆಂಗ ಅದೀರಿ!" ಎಂದರು. ನಮ್ಮಾಕೆಯ ಬೆನ್ನು ತಾನಾಗಿ ನೆಟ್ಟಗಾಯಿತು. ನಾನೂ ಇದೆಲ್ಲ ನನ್ನದೇ ಕೆಲಸ ಎನ್ನುವಂತೆ ಮೀಸೆ ಸವರಿಕೊಂಡೆ. ಆಂಟಿ ಮಗಳ ಗಲ್ಲ ಹಿಡಿದು ಕೇಳಿದರು, "ಇಷ್ಟ ಛೊಲೋ ನಡತಿ ಯಾರ್ ಕಲಿಸ್ಯಾರವಾ ನಿನಗ?"

"ಹಳೆಯ ವಸಾಹತಿನ ಮಕ್ಕಳು ಊಟದ ಮೇಜಿನಲ್ಲಿ ಹೀಗಿರಬೇಕಿತ್ತು ಆಂಟಿ" ಎಂದಳು ಮಗಳು, ಇನ್ನೊಮ್ಮೆ ವಂದಿಸಿ. "ಆದರೆ ಇವತ್ತೊಂದೇ ದಿನ. ನಾಳೆಯಿಂದ ದಂಗೆಯ ಪಾಠ."

ದಂಗೆ

ಹೇಳಿದ ಮಾತಿಗೆ ತಪ್ಪುವ ಹುಡುಗಿಯಲ್ಲ. ಸೋಮವಾರ ಬೆಳಿಗ್ಗೆ ನಾನು ಚಹಾ ಮಾಡಲು ಹೋದರೆ ಡಬ್ಬಿ ಖಾಲಿ. ಹಿತ್ತಲಿಗೆ ಹೋಗಿ ನೋಡಿದೆ. ಅವಳು ಚಿಕ್ಕವಳಿದ್ದಾಗ ಆಡುತ್ತಿದ್ದ ಪ್ಲಾಸ್ಟಿಕ್ ತೊಟ್ಟಿ ತುಂಬ ಕಂದು ನೀರು, ಅದರ ಮೇಲೆ ನನ್ನ ಚಹಾಪುಡಿ ತೇಲುತ್ತಿತ್ತು. ಪಕ್ಕದಲ್ಲಿ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ರಾಜನ ಸರ್ಕಾರ ತಮ್ಮನ್ನು ಕೇಳದೆ ಚಹಾದ ಮೇಲೆ ತೆರಿಗೆ ಹಾಕಿತೆಂದು ಬಾಸ್ಟನ್ನಿನ ಜನ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆಸೆದ ಕತೆಯನ್ನು ಅವಳಿಗೆ ಓದಿ ಹೇಳಿದವನು ನಾನೇ.

"ಏನವಾ ಇದು ಅನ್ಯಾಯ!" ಎಂದೆ.

"ಅನ್ಯಾಯ ನಿಮ್ಮದು. ನಾನು ಸ್ಕೂಲಿಗೆ ಹೋಗಬೇಕೋ ಬೇಡವೋ ಅಂತ ನೀನು, ಅಮ್ಮ, ತಾತ ಸೇರಿ ತೀರ್ಮಾನ ಮಾಡ್ತೀರಿ. ನನ್ನನ್ನ ಯಾರೂ ಕೇಳಲಿಲ್ಲ." ಅಷ್ಟು ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಾನು ಚಹಾ ಮರೆತೆ. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಎಂದು ನನಗೆ ಅಲ್ಲೇ ಅನ್ನಿಸಿತು.

ಆದರೂ ಒಂದು ಅನುಮಾನ ಉಳಿಯಿತು. ನಮ್ಮಾಕೆ ಮೈಸೂರಿನವಳು, ಕಾಫಿ ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ಅಡುಗೆಮನೆಯಲ್ಲಿ ಅವಳ ಕಾಫಿಪುಡಿ ಡಬ್ಬಿ ತುಂಬಿ ತುಳುಕುತ್ತಿತ್ತು. "ಶಿಕ್ಷೆ ನನಗೊಬ್ಬನಿಗ ಯಾಕ? ಕಾಫಿ ಯಾಕ ಮುಟ್ಟಲಿಲ್ಲ?" ಎಂದು ಕೇಳಿದೆ.

ಮಗಳು ಕಣ್ಣೊರೆಸಿಕೊಂಡು, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು. "ಅಪ್ಪಾ, ಫ್ರಾನ್ಸ್ ಸಹಾಯ ಇಲ್ಲದೆ ಅಮೆರಿಕ ಗೆಲ್ಲುತ್ತಿತ್ತಾ? ನನಗೂ ಒಂದು ಮಿತ್ರದೇಶ ಬೇಕಲ್ಲ."

ಒಳಗೆ ಫ್ರಾನ್ಸ್ ಡಿಕಾಕ್ಷನ್ ಹಾಕುತ್ತ ಹಾಡು ಗುನುಗುತ್ತಿತ್ತು.

ಹನ್ನೆರಡು ಮಂದಿ

ಸಂಧಾನ ನಡೆಯಿತು. ತಾತನ ಪರೀಕ್ಷೆಗೆ ಕೂರುತ್ತೇನೆ, ಆದರೆ ತೀರ್ಪು ತಾತ ಒಬ್ಬರೇ ಕೊಡುವಂತಿಲ್ಲ ಎಂದಳು ಮಗಳು. ಆ ಕಾಲದಲ್ಲಿ ಕಳ್ಳನಿಗೂ ಹನ್ನೆರಡು ಮಂದಿ ನೆರೆಹೊರೆಯವರ ಜ್ಯೂರಿ ಇರುತ್ತಿತ್ತು, ತನಗೂ ಬೇಕು. "ಆಗ ಗಂಡಸರು ಮಾತ್ರ ಕೂರುತ್ತಿದ್ದರು. ಆ ತಪ್ಪನ್ನ ನಾನು ತಿದ್ದಿದ್ದೀನಿ" ಎಂದು ಆರು ಅಂಕಲ್, ಆರು ಆಂಟಿಯರನ್ನು ತಾನೇ ಆರಿಸಿದಳು. ಮೈಸೂರಿನಿಂದ ಬಂದಿಳಿದ ಮಾವನಿಗೆ ವಿಷಯ ಹೇಳಿದೆವು. "ಜ್ಯೂರಿಯಾದರೂ ಇರಲಿ, ಜಾತ್ರೆಯಾದರೂ ಇರಲಿ. ಪ್ರಶ್ನೆ ನನ್ನದು" ಎಂದರು.

ಶನಿವಾರ ಹನ್ನೊಂದಕ್ಕೆ ಕರೆದಿದ್ದ ಜ್ಯೂರಿ ಹನ್ನೆರಡೂವರೆಗೆ ಬಂತು. ನಮ್ಮ ಜನ ಬರಿಗೈಯಲ್ಲಿ ನ್ಯಾಯ ಹೇಳಲೂ ಬರುವುದಿಲ್ಲ, ಪ್ರತಿಯೊಬ್ಬರ ಕೈಯಲ್ಲೂ ಒಂದು ಟ್ರೇ. ಹ್ಯೂಸ್ಟನ್ ದಂಪತಿಗಳು ಬಂದರು, ರೌಂಡ್ ರಾಕ್ ಅಂಕಲ್ ಬಂದರು, ಉಳಿದವರು ಮರ್ಫಿ ಮತ್ತು ಲೂಯಿಸ್‌ವಿಲ್‌ನವರು. ಬಿಸಿಬೇಳೆಬಾತಿನ ವಾಸನೆಯ ನಡುವೆ ಮಗಳು ಮಾವನ ಎದುರು ಕೂತಳು. ನಾನು ಗೋಡೆಗೊರಗಿ ನಿಂತೆ.

ಮಾವ ಕನ್ನಡಕ ಏರಿಸಿದರು. "ಮೂವತ್ತು ಅಡಿ ಉದ್ದದ ಬೇಲಿ. ಮೂರು ಅಡಿಗೊಂದು ಕಂಬ. ಒಟ್ಟು ಎಷ್ಟು ಕಂಬ?"

"ಹತ್ತ್ ರೀ ಸರ್!" ಎಂದರು ಹ್ಯೂಸ್ಟನ್ ಅಂಕಲ್, ತಡೆಯಲಾಗದೆ. ಸಾಫ್ಟ್‌ವೇರ್‌ನವರೆಲ್ಲ ಹತ್ತು, ಹತ್ತು ಎಂದು ತಲೆಯಾಡಿಸಿದರು.

ಮಗಳು ಕೇಳಿದಳು, "ತಾತ, ಬೇಲಿ ನೇರವಾಗಿದೆಯಾ, ಸುತ್ತಿಕೊಂಡು ಬರುತ್ತಾ? ಸುತ್ತಿಕೊಂಡು ಬಂದರೆ ಹತ್ತು. ನೇರ ಇದ್ದರೆ ಕೊನೆಗೂ ಒಂದು ಕಂಬ ಬೇಕು, ಹನ್ನೊಂದು."

ಮಾವ ಅವಳನ್ನು ನೋಡಲಿಲ್ಲ. ಜ್ಯೂರಿಯ ಕಡೆ ತಿರುಗಿ ಒಂದು ನೋಟ ಬೀರಿದರು. ಪಾಠ ಮಾಡಿದವರ ನೋಟ ಅದು, ಆರು ಅಂಕಲ್‌ಗಳೂ ಕಾಲು ಜೋಡಿಸಿ ಕೂತರು.

"ಬೇಸಿಗೆ ಯಾಕೆ ಬರುತ್ತೆ?"

"ಸೂರ್ಯ ಹತ್ತಿರ ಬರ್ತಾನೆ ಸರ್" ಎಂದರು ರೌಂಡ್ ರಾಕ್ ಅಂಕಲ್. "ಅದರಲ್ಲೂ ಟೆಕ್ಸಾಸ್‌ಗೆ."

"ಭೂಮಿ ಸೂರ್ಯನಿಗೆ ತುಂಬ ಹತ್ತಿರ ಇರೋದು ಜನವರಿಯಲ್ಲಿ ಅಂಕಲ್" ಎಂದಳು ಮಗಳು, ಪಾಪ, ಅವರಿಗೆ ನೋವಾಗದ ಹಾಗೆ. "ಭೂಮಿ ವಾಲಿಕೊಂಡು ಸುತ್ತುತ್ತೆ. ನಮ್ಮ ಭಾಗ ಸೂರ್ಯನ ಕಡೆ ವಾಲಿದಾಗ ನಮಗೆ ಬೇಸಿಗೆ."

ನನಗೆ ಕುಣಿಯುವಷ್ಟು ಖುಷಿ. ಆಗ ಮಾವ ದಾರಿ ಬದಲಿಸಿದರು. "ಇದೆಲ್ಲ ಸರಿ. ನಮ್ಮದು ಎಷ್ಟು ಗೊತ್ತು ನೋಡೋಣ. ಕಾರ್ತಿಕ ಮಾಸ ಆದಮೇಲೆ ಯಾವ ಮಾಸ?"

ಮಗಳು ನನ್ನ ಕಡೆ ನೋಡಿದಳು. ನಾನು ಆ ಪಾಠ ಮಾಡೇ ಇರಲಿಲ್ಲ. ನಮ್ಮಾಕೆ ತಲೆ ತಗ್ಗಿಸಿದಳು.

"ಗೊತ್ತಿಲ್ಲ ತಾತ" ಎಂದಳು ಮಗಳು.

ಹುಡುಗಿಯನ್ನು ಪಾರು ಮಾಡಲು ಜ್ಯೂರಿ ಒಟ್ಟಿಗೆ ಎದ್ದಿತು.

"ಪುಷ್ಯ!"

"ಅಲ್ಲ, ಮಾಘ!"

"ಧನುರ್ಮಾಸ ರೀ, ಆವಾಗ ಹುಗ್ಗಿ ಮಾಡ್ತಾರಲ್ರೀ!"

"ದೀಪಾವಳಿ!" ಎಂದರು ರೌಂಡ್ ರಾಕ್ ಅಂಕಲ್, ಪೂರ್ತಿ ಧೈರ್ಯದಿಂದ.

ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಗಳು ಮೆಲ್ಲಗೆ ಕೇಳಿದಳು, "ನನಗೆ ಗೊತ್ತಿಲ್ಲ ತಾತ. ನೀವು ಹೇಳಿಕೊಡ್ತೀರಾ?"

ಮಾವ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅವಳ ತಲೆಯ ಮೇಲೆ ಕೈಯಿಟ್ಟು, "ಮಾರ್ಗಶಿರ, ಪುಟ್ಟಿ" ಎಂದರು. ಗಣಿತದ ಮೇಷ್ಟರ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಗೊತ್ತಿಲ್ಲ ಅಂತ ಹೇಳೋ ಹುಡುಗರಿಗಾಗಿ ನಾನು ಸರ್ವಿಸ್ ಪೂರ್ತಿ ಕಾದಿದ್ದೆ."

ಜ್ಯೂರಿ ಆಗಲೇ ಕೈಯೆತ್ತಿ ಮಗಳು ಪಾಸು ಎಂದು ಸಾರಿ ಟ್ರೇಗಳ ಕಡೆ ಹೊರಟಿತ್ತು. ನಮ್ಮಾಕೆಗೆ ಆದರೂ ಅಪ್ಪನ ಬಾಯಿಂದಲೇ ಕೇಳಬೇಕು. "ಹಾಗಾದ್ರೆ ಏನಪ್ಪಾ ನಿಮ್ಮ ತೀರ್ಮಾನ? ಸ್ಕೂಲಿನ ಕತೆ ಏನು?" ಎಂದಳು.

ಮಾವ ಬಿಸಿಬೇಳೆಬಾತಿನ ಮುಂದೆ ಸಾಲು ನಿಂತ ಹನ್ನೆರಡು ಮಂದಿಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಮಗು ಮನೆಯಲ್ಲೇ ಓದಲಿ" ಎಂದರು. "ಆಗಸ್ಟ್‌ನಲ್ಲಿ ಇವರನ್ನೆಲ್ಲ ಸ್ಕೂಲಿಗೆ ಸೇರಿಸು."