ಹತ್ತು ದಿನ, ಒಂದು ಚಟ್ನಿ

ಹೇಳಿದ ಬೆಲೆಗೆ ಸಾಮಾನು ಕೊಂಡು ತಂದ ದಿನ ನನಗೆ ಊಟ ರುಚಿಸುವುದಿಲ್ಲ. ಇದು ಜಿಪುಣತನವಲ್ಲ, ಜಿಪುಣ ಕೊಳ್ಳುವುದೇ ಇಲ್ಲ, ನಾನು ಧಾರಾಳವಾಗಿ ಕೊಳ್ಳುತ್ತೇನೆ. ಆದರೆ ಕೊಳ್ಳುವವನು ಒಂದಿಷ್ಟು ಎಳೆದಾಡದೆ, ಮಾರುವವನು ಒಂದು ಸಲವಾದರೂ ಹಣೆ ಚಚ್ಚಿಕೊಳ್ಳದೆ ಮುಗಿದ ವ್ಯಾಪಾರವೂ ಒಂದು ವ್ಯಾಪಾರವೇ? ಬರಿಗೈಯಲ್ಲಿ ಮದ್ದೂರಿಗೆ ಬಂದವನು ಇವತ್ತು ತೆಂಗಿನಕಾಯಿ ಮಂಡಿ ಇಟ್ಟು ಹೆಂಚಿನ ಮನೆ ಕಟ್ಟಿದ್ದೇನೆಂದರೆ ಅದು ನಾಲಗೆಯಿಂದ, ಓದಿನಿಂದಲ್ಲ. ಆದ್ದರಿಂದ ಕೇಳಲಿ ಬಿಡಲಿ, ನಾಲ್ಕು ಜನಕ್ಕೆ ಬುದ್ಧಿ ಹೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ನಾನು ಎಲ್ಲರಿಗೂ ಹೇಳುವ ಮೊದಲ ಬುದ್ಧಿ, ಕೊಸರು ಬಿಡಬೇಡಿ ಎಂಬುದು. ಅಳತೆ ಮುಗಿದು, ಚೀಲದ ಬಾಯಿ ಕಟ್ಟಿ, ಇನ್ನೇನು ಹೊರಡಬೇಕು ಅನ್ನುವಾಗ ಸುಮ್ಮನೆ ಕೈ ಚಾಚಿ ಇಸಕೊಳ್ಳುವ ಹೆಚ್ಚಿನದೇ ಕೊಸರು. ನಮ್ಮ ಮಂಡಿಯಲ್ಲಿ ನೂರು ಕಾಯಿ ಅಂದರೆ ನೂರ ನಾಲ್ಕು. ನೂರಕ್ಕೆ ನೂರೇ ಎಣಿಸಿಕೊಟ್ಟವನ ಹತ್ತಿರ ಎರಡನೆಯ ಸಲ ಯಾರೂ ಹೋಗುವುದಿಲ್ಲ.

ಇಂಥ ನನ್ನ ಮನೆಗೆ ಲೋಯರ್ ಸೆಕೆಂಡರಿ ಪರೀಕ್ಷೆ ಬಂತು. ಯುದ್ಧದ ಕಾಲ, ಸೀಮೆಎಣ್ಣೆಗೆ ಬರ, ಕಾಗದಕ್ಕೆ ಬರ, ಪರೀಕ್ಷೆಗೆ ಮಾತ್ರ ಬರವಿರಲಿಲ್ಲ. ಬರೆಯಬೇಕಾದವಳು ನನ್ನ ಮಗಳು ಜಯಮ್ಮ. ಅವಳಿಗೆ ಮಂಡ್ಯದ ಹೈಸ್ಕೂಲು ಸೇರಿ ಮುಂದೆ ತಾನೂ ಪಾಠ ಹೇಳಬೇಕೆಂಬ ಆಸೆ. ನಮ್ಮವ್ವನೋ ಮಳವಳ್ಳಿ ಕಡೆಯ ಒಂದು ಗಂಡನ್ನು ಆಗಲೇ ಗೊತ್ತುಮಾಡಿಟ್ಟಿದ್ದಳು. "ಆ ಪರೀಕ್ಸೇಲಿ ಉಪ್ಸಾರು ಮಾಡೋದ ಕೇಳ್ತಾರೇನ್ಲಾ? ಇಲ್ವಲ್ಲ! ಮತ್ಯಾಕ್ಲಾ ಎಣ್ಮಗೀನ ಕಣ್ಣು ಕಳೀತೀಯೆ?" ಎಂದು ದಿನಾ ನನ್ನನ್ನು ದಬಾಯಿಸುತ್ತಿದ್ದಳು. ನಾನು ಇಬ್ಬರ ನಡುವೆ ಕೂತು ವ್ಯಾಪಾರ ಕುದುರಿಸಿದೆ. ಪಾಸಾದರೆ ಮಂಡ್ಯ, ಫೇಲಾದರೆ ಮಳವಳ್ಳಿ. ಇಬ್ಬರೂ ಒಪ್ಪಿದರು. ತಕ್ಕಡಿ ಯಾವ ಕಡೆ ವಾಲಿದರೂ ನನಗೆ ನಷ್ಟವಿಲ್ಲ ಎಂದು ಮೀಸೆ ತಿರುವಿಕೊಂಡೆ. ಆದರೆ ಮಗಳು ದೀಪದ ಮುಂದೆ ಪುಸ್ತಕ ಹಿಡಿದು ತೂಕಡಿಸುವುದನ್ನು ನೋಡಿದಾಗೆಲ್ಲ, ಮಂಡ್ಯದ ತಟ್ಟೆಯನ್ನು ಸದ್ದಿಲ್ಲದೆ ಒಂದು ಬೆರಳಿನಿಂದ ಒತ್ತೋಣವೇ ಅನ್ನಿಸುತ್ತಿತ್ತು.

ಪರೀಕ್ಷೆ ನಡೆಯುವುದು ಮಂಡ್ಯದಲ್ಲಿ. ನಾನೇ ರೈಲಿನಲ್ಲಿ ಕರೆದುಕೊಂಡು ಹೋದೆ. ಹನಕೆರೆ ದಾಟುವವರೆಗೂ ನಾನು ಬುದ್ಧಿ ಹೇಳುತ್ತಲೇ ಇದ್ದೆ. ಅವಳು ಕಿಟಕಿಯ ಕಡೆ ತಿರುಗಿ ಮಗ್ಗಿ ಹೇಳಿಕೊಳ್ಳುತ್ತಲೇ ಇದ್ದಳು. ಲೆಕ್ಕದ ಪರೀಕ್ಷೆ ಮುಗಿಸಿ ಮನೆಗೆ ಬಂದು ಅವಳು ಊಟಕ್ಕೆ ಕೂತಾಗ, ಒಂದು ಪ್ರಶ್ನೆ ಓದಿ ಹೇಳು ಎಂದೆ. ಓದಿದಳು: ಒಂದು ಛತ್ರದಲ್ಲಿ ಎಂಬತ್ತು ಜನಕ್ಕೆ ದಿನಕ್ಕೆ ಇಪ್ಪತ್ತು ತೆಂಗಿನಕಾಯಿ ಬೇಕಾದರೆ, ನಲವತ್ತು ಜನಕ್ಕೆ ನೂರು ಕಾಯಿ ಎಷ್ಟು ದಿನ ಬರುತ್ತವೆ? ನನ್ನ ಕಿವಿ ನೆಟ್ಟಗಾಯಿತು. ಸರ್ಕಾರದವರು ನಮ್ಮ ಮನೆ ಬಾಗಿಲಿಗೇ ಬಂದು ಕೇಳಿದ ಹಾಗಿತ್ತು.

"ಎಷ್ಟು ಬರ್ದೆ ಮಗಾ?"

"ಅತ್ತು ದಿನ ಕಣಪ್ಪ."

"ಅತ್ತೇ ದಿನವಾ? ಕೊಸರು ಎಲ್ಲೋಯ್ತು?"

ಜಯಮ್ಮ ಮುದ್ದೆ ಮುರಿದ ಕೈಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. "ಕೂಸು ಬೆಳಗ್ಗಿಂದ ಅಸ್ಕೊಂಡದೆ, ಉಣ್ಣಕ್ಕಾದ್ರೂ ಬುಡಿ" ಎಂದಳು ನನ್ನ ಹೆಂಡತಿ. ನಾನು ಬಿಡಲಿಲ್ಲ. "ನೂರು ಕಾಯಿ ತಕ್ಕೊಂಡು ನಾಕು ಕಾಯಿ ಬುಟ್ಟು ಬರೋದಾ? ಮಂಡಿಯವನ ಮಗಳು ಕಣಮ್ಮ ನೀನು!"

"ಅದ್ನೂ ಸೇರಿಸಿವ್ನಿ ಕಣಪ್ಪ. ಅತ್ತು ದಿನ, ಒಂದು ಚಟ್ನಿ."

ಆಹಾ! ಹತ್ತು ದಿನದ ಸಾರು ಪಲ್ಯಕ್ಕೆ ನೂರು ಕಾಯಿ. ಕೊಸರಿನ ನಾಲ್ಕು ಕಾಯಿಗೆ ಹನ್ನೊಂದನೆಯ ಬೆಳಗಿನ ಚಟ್ನಿ. ಅಂಥ ಉತ್ತರ ಕೇಳಿ ನನ್ನ ಹೊಟ್ಟೆಯೇ ತುಂಬಿತು. ಮರುದಿನ ಮಂಡಿಯಲ್ಲಿ ಎಲ್ಲರಿಗೂ ಸಾರಿದೆ. ಪಕ್ಕದ ಮಂಡಿಯ ನಿಂಗೇಗೌಡ ತೊಡೆ ತಟ್ಟಿಕೊಂಡು, "ಪರೀಕ್ಸೆಯವ್ರಿಗೇ ವ್ಯಾಪಾರ ಕಲಿಸ್ಬುಟ್ಲಲ್ಲೋ! ನಿನ್ಗಿಂತ ಗಟ್ಟಿ ಕಣ್ಲಾ ಅವ್ಳು" ಅಂದ. ಅಷ್ಟರಲ್ಲಿ ಕಾಯಿ ಕೊಳ್ಳಲು ಜಯಮ್ಮನ ಸ್ಕೂಲಿನ ಹೆಡ್‌ಮಾಸ್ಟರು ಬಂದರು. ಅವರಿಗೂ ಹೇಳಿದೆ. ಅವರು ನಗಲಿಲ್ಲ.

"ಹಾಗೇ ಬರೆದಿದ್ದಾಳೆಯೇ ಯಜಮಾನರೇ? ಆ ಲೆಕ್ಕ ಹೋಯಿತು. ಅವಳು ಲೆಕ್ಕದಲ್ಲಿ ಮೊದಲೇ ಅಂಚಿನ ಮೇಲಿದ್ದಾಳೆ, ಅದೊಂದರಿಂದ ಪರೀಕ್ಷೆಯೇ ಹೋದರೂ ಹೋಯಿತು."

"ತಪ್ಪೇನು ಸ್ವಾಮಿ ಅದರಲ್ಲಿ? ಮದ್ದೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ."

"ಪ್ರಶ್ನೆ ಮದ್ದೂರಿನದಲ್ಲವಲ್ಲ. ಇಡೀ ಸಂಸ್ಥಾನಕ್ಕೆ ಒಂದೇ ಪ್ರಶ್ನೆ, ಒಂದೇ ಉತ್ತರ" ಎಂದು ತಮ್ಮ ಕಾಯಿ ತೆಗೆದುಕೊಂಡು ಹೊರಟರು. ಕೊಸರನ್ನು ಮಾತ್ರ ಮರೆಯದೆ ಇಸಕೊಂಡರು.

ನಾನೇ ಕಲಿಸಿದ ಬುದ್ಧಿ ಮಗಳನ್ನು ಮಳವಳ್ಳಿಗೆ ಸಾಗಿಸುತ್ತಿದೆ! ಸಂಜೆಗೆ ಒಂದು ಬಾಳೆಗೊನೆ ಹೊರಿಸಿಕೊಂಡು ಮೇಷ್ಟ್ರ ಮನೆಗೆ ಹೋದೆ. "ಮಾರ್ಕು ಹಾಕೋರು ಯಾರು ಅಂತ ಹೇಳಿ ಸಾಕು ಸ್ವಾಮಿ, ನಾನೊಂದು ಮಾತಾಡಿಕೊಳ್ತೀನಿ" ಎಂದೆ. ಅವರು ಗೊನೆಯನ್ನು ಜಗಲಿಯಿಂದಲೇ ಹಿಂದಕ್ಕೆ ಕಳಿಸಿದರು. "ಯಾರೆಂದು ನನಗೇ ಗೊತ್ತಿಲ್ಲ. ನಿಮ್ಮ ಮಗಳು ಯಾರೆಂದು ಅವರಿಗೂ ಗೊತ್ತಿಲ್ಲ. ಉತ್ತರಪತ್ರಿಕೆಯ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ" ಎಂದರು. ನಾನು ಎಂಥೆಂಥವರೊಡನೆ ಚೌಕಾಸಿ ಮಾಡಿದ್ದೇನೆ, ಆದರೆ ಮುಖವೇ ಇಲ್ಲದವರೊಡನೆ ಹೇಗೆ ಮಾಡುವುದು? ಆ ಕಡೆಯವನಿಗೆ ನನ್ನ ರುಮಾಲೂ ಕಾಣದು, ನನ್ನ ನಾಲಗೆಯೂ ಕೇಳದು.

ದಾರಿಯಲ್ಲಿ ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಮೊದಲು ಪೇಟೆಯಲ್ಲಿ ಒಬ್ಬೊಬ್ಬನದು ಒಂದೊಂದು ಸೇರು. ಕೊಳ್ಳುವಾಗ ದೊಡ್ಡದು, ಮಾರುವಾಗ ಚಿಕ್ಕದು. ಸರ್ಕಾರದ ಮುದ್ರೆ ಒತ್ತಿದ ಸೇರು ಬಂದ ಮೇಲೆ ನನ್ನಂಥ ಬರಿಗೈಯವನಿಗೂ ಬದುಕು ಸಾಧ್ಯವಾಯಿತು. ಈ ನಂಬರಿನ ಪರೀಕ್ಷೆಯೂ ಹಾಗೇ ಇರಬೇಕು. ಪಟೇಲರ ಮಗಳೂ ಒಂದು ನಂಬರು, ಅವರ ಮನೆಯ ಬಟ್ಟೆ ಒಗೆಯುವವಳ ಮಗಳೂ ಒಂದು ನಂಬರು. ಒಳ್ಳೆಯದೇ. ಆದರೆ ಮುದ್ರೆಯ ಸೇರಿನಲ್ಲಿ ರಾಗಿ ಅಳೆಯಬಹುದು, ಸೊಪ್ಪು ಅಳೆಯಲಾದೀತೇ? ಕನ್ನಡದ ಪರೀಕ್ಷೆಯಲ್ಲಿ ಸಮುದ್ರತೀರದ ಸಂಜೆಯನ್ನು ವರ್ಣಿಸಿ ಎಂದಿದ್ದರಂತೆ. ಸಮುದ್ರ ಹೋಗಲಿ, ದೋಣಿಯನ್ನೇ ಕಾಣದ ಮಳವಳ್ಳಿಯ ಹುಡುಗಿಯೊಬ್ಬಳು ತಮ್ಮೂರ ಕೆರೆಯನ್ನೇ ಸೊಗಸಾಗಿ ವರ್ಣಿಸಿ, ಕೊನೆಗೆ "ನೀರು ಉಪ್ಪಾಗಿತ್ತು" ಎಂದು ಸೇರಿಸಿ ಬಂದಳಂತೆ. ಆ ಮಗುವಿನ ಬುದ್ಧಿ ಯಾವ ಸೇರಿಗೆ ಹಿಡಿಸೀತು? ಅಳೆಯುವುದು ಬೇಡವೆಂದು ನಾನು ಹೇಳುವುದಿಲ್ಲ, ಅಳೆಯದೆ ವ್ಯಾಪಾರವೇ ಇಲ್ಲ. ಅಳತೆಗೆ ಸಿಕ್ಕದ್ದು ಮಾಲೇ ಅಲ್ಲವೆಂದು ಎಸೆಯಬೇಡಿ ಅನ್ನುತ್ತೇನೆ, ಅಷ್ಟೆ.

ರಿಸಲ್ಟು ಬರುವವರೆಗೆ ಮನೆಯಲ್ಲಿ ನಮ್ಮವ್ವ ಸೋಬಾನೆ ಗುನುಗಿಕೊಂಡು ಓಡಾಡಿದಳು. ನಾನು ಗಿರಾಕಿಗಳು ಕೇಳಿದ ಬೆಲೆಗೆಲ್ಲ ಹೂಂ ಅಂದೆ. ನಿಂಗೇಗೌಡ, "ಉಸಾರಿಲ್ವೇನ್ಲಾ?" ಎಂದು ಹಣೆ ಮುಟ್ಟಿ ನೋಡಿದ. ಕೊನೆಗೆ ಸ್ಕೂಲಿನ ಗೋಡೆಗೆ ನಂಬರುಗಳನ್ನು ಅಂಟಿಸಿದರು. ಜಯಮ್ಮನ ನಂಬರು ಇತ್ತು! ಓಡಿಬಂದು ಹೇಳಿದರೆ ನಮ್ಮವ್ವ, "ಸರ್ಯಾಗ್ ನೋಡ್ದೇನ್ಲಾ?" ಎಂದು ಎರಡು ಸಲ ಕೇಳಿದಳು. ಆಮೇಲೆ ಮೊಮ್ಮಗಳ ತಲೆ ಸವರಿ, "ಓಗ್ಲಿ ಬುಡು, ಮಂಡ್ಯದಲ್ಲೂ ಗಂಡುಗಳು ಅವೆ" ಎಂದಳು.

ನನಗೆ ಆ ಕಾಣದ ಊರಿನ ಪುಣ್ಯಾತ್ಮನ ಮೇಲೆ ಎಲ್ಲಿಲ್ಲದ ಗೌರವ ಬಂತು. "ನೋಡ್ದಾ ಮಗಾ, ಮಾರ್ಕು ಹಾಕಿದವನು ಪೇಟೆ ಬಲ್ಲವನು ಕಣಮ್ಮ. ಚಟ್ನಿ ನೋಡಿದ ತಕ್ಷಣ ತಲೆದೂಗಿರ್ತಾನೆ" ಎಂದೆ.

ಜಯಮ್ಮ ಪೆಟ್ಟಿಗೆಗೆ ಲಂಗ ಮಡಿಸಿಡುತ್ತಿದ್ದವಳು ತಲೆ ಎತ್ತದೆಯೇ ಹೇಳಿದಳು: "ಅಲ್ಲಿ ಚಟ್ನಿ ಎಲ್ಲಿ ಬರ್ದೆ ಅಪ್ಪ? ಬರೀ ಅತ್ತು ದಿನ ಅಂತ ಬರ್ದಿದ್ದು."

"ಮತ್ತೆ ನನ್ಗ್ಯಾಕೆ ಅಂಗಂದೆ?"

"ಅಂಗನ್ನೋಗಂಟ ನೀವು ಉಣ್ಣಕ್ಕೆ ಬುಡ್ತಿರ್ಲಿಲ್ವಲ್ಲ!"

ನಾನು ರುಮಾಲು ಸುತ್ತಿಕೊಂಡು ಮಂಡಿಯ ಕಡೆ ಹೊರಟೆ. ಆ ಇಡೀ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಪೂರ್ತಿ ಮಾರ್ಕು ಕೊಟ್ಟವನು ನಾನೊಬ್ಬನೇ.