ಖಾರ ಬಿಟ್ಟ ಕಾಕಾ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ನಮ್ಮ ಕಾಕಾನಷ್ಟು ಖಾರ ತಿನ್ನುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಹಾಗೆಂದು ಎದೆ ತಟ್ಟಿ ಹೇಳಿದವನು ಸ್ವತಃ ಕಾಕಾ! ಬೇರೆ ಸಾಕ್ಷಿ ಯಾಕೆ ಬೇಕು?

ಸೂಟಿಯಲ್ಲಿ ನಾನು ಕಾಕಾನ ಊರು ಘೋಡಗೇರಿಗೆ ಹೋದಾಗ ನೋಡುತ್ತಿದ್ದೆನಲ್ಲ, ಕಾಕಾ ರೊಟ್ಟಿಗೆ ರಂಜಕ ಹಚ್ಚಿಕೊಳ್ಳುತ್ತಿರಲಿಲ್ಲ. ರಂಜಕಕ್ಕೆ ರೊಟ್ಟಿ ಹಚ್ಚಿಕೊಳ್ಳುತ್ತಿದ್ದ! ಹಣ್ಣುಮೆಣಸಿನಕಾಯಿ ಅರೆದ ಆ ಕೆಂಪು ಮುದ್ದೆ ಕಂಡರೇ ನನ್ನ ಕಣ್ಣಲ್ಲಿ ನೀರು. "ಅಳಬ್ಯಾಡೋ, ಇನ್ನೂ ನೀ ತಿಂದಿಲ್ಲ!" ಎನ್ನುತ್ತಿದ್ದ. ಮೂಡಲಗಿ ಸಂತೆಯಲ್ಲಿ ಮಿರ್ಚಿ ಭಜಿ ಕಚ್ಚಿ, "ಏನ್ರಿ, ಇದರಾಗ ಬೆಂಡಿಕಾಯಿ ಹಾಕೀರೇನು?" ಎಂದು ಅಂಗಡಿಯವನ ಮಾನ ಕಳೆಯುತ್ತಿದ್ದ. ಆ ಸಂತೆ, ಆ ಭಜಿ, ಆ ನಗು ನೆನಪಾದರೆ ಈಗಲೂ ನನಗೆ ಹಸಿವಾಗುತ್ತದೆ.

ಅವನ ಹೆಂಡತಿ, ನಮ್ಮ ಕಾಕು, ಎಲ್ಲರದೂ ಮುಗಿದ ಮೇಲೆ ಉಳಿದದ್ದನ್ನು ಉಣ್ಣುವವಳು. ಗಂಡನ ನಾಲಿಗೆಗೆ ಮಾಡಿದ ಖಾರವೇ ಅವಳ ಹೊಟ್ಟೆಗೂ. ಉರಿ ಎದ್ದರೆ ಸೋಡಾಪುಡಿ ಕದಡಿ ಕುಡಿದು ಸುಮ್ಮನಾಗುವಳು. ಹೋದ ವರ್ಷ ಉರಿ ಸೋಡಾಕ್ಕೂ ಬಗ್ಗದಾಯಿತು. ಕಾಕಾ ಅವಳನ್ನು ಗೋಕಾಕದ ದವಾಖಾನೆಗೆ ಕರೆದೊಯ್ದ. ಅಲ್ಲಿ ಬಾಯಿಯಿಂದ ಕ್ಯಾಮೆರಾ ಇಳಿಸಿ ನೋಡಿದರಂತೆ. ಡಾಕ್ಟರ್ ಹೇಳಿದ್ದನ್ನು ಕಾಕಾ ನಮಗೆಲ್ಲ ಅಭಿನಯಿಸಿಯೇ ತೋರಿಸಿದ.

"ಹೊಟ್ಟಿ ಒಳಪದರ ಬದಲಾಗಾಕತ್ತೈತ್ರಿ. ಕ್ಯಾನ್ಸರ್ ಅಲ್ಲ. ಹಂಗ ಬಿಟ್ರ ಮುಂದ ವರ್ಷಗಟ್ಟಲೆ ಆದಮ್ಯಾಲ ಆಗಬಹುದು. ಗುಳಿಗಿ ತಗೋರಿ, ಉಪ್ಪು-ಖಾರ ಕಡಿಮಿ ಮಾಡ್ರಿ, ವರ್ಷಕ್ಕೊಮ್ಮೆ ಬಂದು ತೋರಸ್ರಿ."

"ಅಲ್ರಿ, ಖಾರದ ಹುಚ್ಚ ನಾನು. ಆಕಿಗ್ಯಾಕ ಬಂತು?"

"ಖರೆ ಅಂದ್ರ ಇದು ಗಂಡಸರಿಗೇ ಹೆಚ್ಚು. ಮೊದಲಿನಕಿಂತ ಈಗ ಕಡಿಮೀನೂ ಆಗೈತಿ. ಹಂಗಂತ ಹೆಂಗಸರನ್ನ ಬಿಟ್ಟೈತೇನ್ರಿ?"

ಕಾಕು ಗುಳಿಗೆಯನ್ನೇನೋ ನುಂಗಿದಳು. ಊಟದ ಮಾತೆತ್ತಿದರೆ, "ನನಗೊಬ್ಬಾಕಿಗೆ ಬ್ಯಾರೆ ಅಡಗಿ ಮಾಡ್ಕೊಳ್ಳಾಕ ನಾನೇನು ಬಾಣಂತೀನ?" ಎಂದು ಅದೇ ಖಾರ ಉಂಡಳು. ಕಾಕಾ ಬೈದ, ಬೇಡಿಕೊಂಡ. ಉಪಯೋಗವಾಗಲಿಲ್ಲ.

ಕೆಲವು ದಿನ ಬಿಟ್ಟು ಒಬ್ಬನೇ ಗೋಕಾಕಕ್ಕೆ ಹೋದವನು ಹೊಟ್ಟೆ ಹಿಡಿದುಕೊಂಡೇ ಮನೆಗೆ ಬಂದ. "ನನಗೂ ಅದ ಆಗೈತಿ. ಹೇಳಿಲ್ಲೇನು ಡಾಕ್ಟರು, ಗಂಡಸರಿಗೇ ಹೆಚ್ಚಂತ!"

ಅಂದೇ ರಂಜಕದ ಭರಣಿ ನೆರೆಮನೆ ಸೇರಿತು. ಹುಲಿ ಹಸಿದರೂ ಹುಲ್ಲು ತಿನ್ನದು ಅನ್ನುತ್ತಾರೆ. ನಮ್ಮ ಹುಲಿ ಎರಡೂ ಹೊತ್ತು ಸಪ್ಪನ ಬೇಳೆ ತಿನ್ನತೊಡಗಿತು! ಭಜಿ ಅಂಗಡಿ ಕಂಡರೆ ಮುಖ ತಿರುಗಿಸುತ್ತಿದ್ದ. ನಾವು ವರ್ಷವಿಡೀ ನಕ್ಕಿದ್ದೇ ನಕ್ಕಿದ್ದು.

ಈ ವರ್ಷ ಇಬ್ಬರನ್ನೂ ದವಾಖಾನೆಗೆ ಕರೆದುಕೊಂಡು ಹೋದವನು ನಾನು. ಕಾಕು ಒಳಗೆ ಹೋದಳು. "ಕಾಕಾಂದೂ ಇವತ್ತ ನೋಡ್ತೀರೇನ್ರಿ?" ಎಂದು ನರ್ಸನ್ನು ಕೇಳಿದೆ.

"ಇವರದೇನು ನೋಡೋದ್ರಿ? ಇವರಿಗೆ ಏನೂ ಇಲ್ಲಲ್ಲ! ಕ್ಯಾಮೆರಾನ ಹಾಕಿಲ್ಲ."

ಕಾಕಾ ನನ್ನ ತೋಳು ಜಗ್ಗಿದ. "ಬಾಯಿ ಮುಚ್ಚ! ಆಕಿ ತನಗಂತ ಸಪ್ಪನದು ಮಾಡ್ಕೊಳ್ಳಾಕಿ ಅಲ್ಲ. ನನಗಂದ್ರ ಮಾಡ್ತಾಳ, ಉಳಿದದ್ದನ್ನ ತಾನೂ ಉಣ್ತಾಳ."

ಇವನನ್ನೇ ನೋಡಿ ಅಷ್ಟು ನಕ್ಕೆವಲ್ಲ!

ಸ್ವಲ್ಪ ಹೊತ್ತಿಗೆ ಡಾಕ್ಟರ್ ಕಾಕುವಿನ ಜೊತೆ ಹೊರಗೆ ಬಂದರು. "ಹೋದ ವರ್ಷ ಇದ್ದಷ್ಟ ಕಾಣತೈತಿ, ಹೆಚ್ಚಾಗಿಲ್ರಿ," ಎಂದರು. ಕಾಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ.

ಕ್ಯಾಮೆರಾ ಇಳಿಸಲು ಗಂಟಲು ಮರಗಟ್ಟಿಸಿದ್ದರಿಂದ ಕಾಕುವಿನ ನಾಲಿಗೆ ಇನ್ನೂ ತೊದಲುತ್ತಿತ್ತು. "ನಂದಿರಲ್ರಿ ಸಾಹೇಬ್ರ, ಅವರದು ಹೆಂಗೈತಿ? ಪಾಪ, ಬಾಯಿ ಸತ್ತೈತಿ ಅವರದು. ಒಂದೀಟು ರಂಜಕ ಕೊಡ್ಲೇನ್ರಿ?"

ಡಾಕ್ಟರ್ ಕಾಕಾನ ಕಡೆ ನೋಡಿದರು. ಕಾಕಾ ಗಡಬಡಿಸಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡ.