ಏಳನೆಯ ಹಾಡಿಗೆ ಬರೆದ ಎರಡು ಸಾಲು

ಅಭಿಪ್ರಾಯ ಕೇಳಿದವರನ್ನು ಬರಿಗೈಯಲ್ಲಿ ಕಳಿಸುವುದು ನನ್ನ ಜಾಯಮಾನದಲ್ಲೇ ಇಲ್ಲ. ವಿಷಯ ಗೊತ್ತಿಲ್ಲದಿದ್ದರಂತೂ ಇನ್ನೂ ಧಾರಾಳಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ನಿವೃತ್ತನಾಗಿ ಕುವೆಂಪುನಗರದ ಮನೆಯಲ್ಲಿ ಕೂತ ಮೇಲೂ ಕೆಂಪು ಪೆನ್ನಿನ ಚಾಳಿ ಹೋಗಿಲ್ಲ. ಮೊನ್ನೆ ಮಗಳು ಸಿಂಧು ಮೊಬೈಲಿಗೆ ಎಂಟು ಇಂಗ್ಲಿಷ್ ಹಾಡು ಕಳಿಸಿ, "ಅಪ್ಪ, ರಾಕ್, ಸೋಲ್, ಪಾಪ್, ಎಲ್ಲಾ ಥರದ ಸಂಗೀತಾನೂ ಇದೆ. ಒಂದೊಂದಕ್ಕೂ ಎರಡೆರಡು ಸಾಲು ಬರಿ, ಮುಲಾಜು ನೋಡ್ಬೇಡ" ಅಂದಳು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತೆ.

ಮೊದಲ ರಾಕ್ ಹಾಡಿಗೆ, "ಗಾಯಕನದು ಏನೋ ವಸ್ತು ಕಳೆದುಹೋಗಿದೆ. ಪೊಲೀಸರಿಗೆ ಹೇಳುವುದು ಬಿಟ್ಟು ನಮಗೆ ಕಿರುಚಿ ಹೇಳುತ್ತಿದ್ದಾನೆ" ಎಂದು ಬರೆದೆ. ಒಂದು ಪಾಪ್ ಹಾಡಿಗೆ, "ಬೇಬಿ ಎಂಬ ಪದ ಇಪ್ಪತ್ತಾರು ಸಲ ಬಂದಿದೆ. ಮಗು ಕೊನೆಗೂ ಬರಲಿಲ್ಲ." ಸೋಲ್ ಹಾಡಿನ ಹೆಂಗಸು ಮಾತ್ರ ಅಳುವನ್ನು ಗಂಟಲಲ್ಲೇ ತಡೆದು ಹಾಡಿದ್ದಳು. "ಮಾತು ಅರ್ಥವಾಗಲಿಲ್ಲ, ಕಾಫಿ ಆರಿಹೋಯಿತು" ಎಂದೆ. ಎಂಟನ್ನೂ ಮುಗಿಸಿ ಕಳಿಸಿ, ನನ್ನ ಹಾಸ್ಯಕ್ಕೆ ನಾನೇ ನಕ್ಕೆ.

ಮಧ್ಯಾಹ್ನ ಸಿಂಧು ತಲೆಯೆತ್ತದೆ ಊಟ ಮಾಡಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನ್ನ ಹೆಂಡತಿ ವಸಂತಾ ಪಿಸುಗುಟ್ಟಿದಳು: "ಏನ್ ಬರೆದ್ಬುಟ್ರಿ? ಏಳನೇದು ಅವಳೇ ಹಾಡಿದ್ದು ಕಣ್ರೀ! ನಿಮಗೆ ಇಷ್ಟವಾದ್ರೆ ಶನಿವಾರ ಕಾಲೇಜಲ್ಲಿ ಹಾಡ್ತಾಳಂತೆ. ಇಲ್ಲಾಂದ್ರೆ ಹಾಡೋದೇ ಬಿಟ್ಬುಡ್ತಾಳಂತೆ. ಸ್ವಂತ ಮಗಳ ದನಿ ಗೊತ್ತಾಗ್ಲಿಲ್ವಾ?"

ಮಗಳ ದನಿ ನನಗೆ ಗೊತ್ತಿರುವುದು "ಅಪ್ಪ, ಸ್ಕೂಟರಲ್ಲಿ ಪೆಟ್ರೋಲ್ ಇಲ್ಲ" ಎನ್ನುವಷ್ಟೇ. ಏಳನೆಯದಕ್ಕೆ ಏನು ಬರೆದಿದ್ದೆ? ನೆನಪೇ ಇಲ್ಲ. ಕಳ್ಳತನ ಬಯಲಾದವನ ಹಾಗೆ ಫೋನು ತೆರೆದು ಬೆರಳಾಡಿಸಿದೆ. ಮೂರು, ಐದು, ಆರು... ಒಂದೊಂದು ಸಾಲೂ ಕೊಂಕು. ಏಳು: "ಹುಡುಗಿಗೆ ಕಂಠವಿದೆ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಂತೆ ಹೆದರಿ ಹಾಡುತ್ತಾಳೆ, ಎಬ್ಬಿಸಲಿ."

ಬಾಗಿಲು ತಟ್ಟಿದೆ. ಬಹಳ ಹೊತ್ತಿನ ಮೇಲೆ ತೆರೆಯಿತು. ಸಿಂಧುವಿನ ಕಣ್ಣು ಕೆಂಪಾಗಿತ್ತು.

"ನೀನೇ ಮಲಗಿದ್ದೆ ಅಪ್ಪ. ಭಾನುವಾರ ಮಧ್ಯಾಹ್ನ. ಎದ್ರೆ ಬೈತೀಯ ಅಂತ ಬಾಗಿಲಿಗೆ ದಿಂಬು ಒತ್ತಿಟ್ಟು ಹಾಡಿದ್ದು."

ಫೋನಿನಲ್ಲಿ ಏಳನೆಯದಕ್ಕೆ ಬರೆದಿದ್ದನ್ನು ತೆರೆದು ಅವಳ ಮುಂದೆ ಹಿಡಿದೆ. "ಎಬ್ಬಿಸಬಹುದಿತ್ತು ಕಣಮ್ಮ" ಅಂದೆ.

"ನಿಜವಾಗ್ಲೂ?"

"ಬರೆದಿದ್ದೀನಲ್ಲ."

ಶನಿವಾರ ಹಾಡಿದಳು, ಕೊನೆಯ ಸಾಲಿನಲ್ಲಿ ಕೂತ ನನಗೂ ಸ್ಪಷ್ಟವಾಗಿ ಕೇಳಿಸಿತು. ಈಗ ಪ್ರತಿ ಭಾನುವಾರ ಮಧ್ಯಾಹ್ನ ಬಾಗಿಲು ಪೂರ್ತಿ ತೆರೆದೇ ಅಭ್ಯಾಸ, ಜೊತೆಗೆ ಗೆಳತಿಯ ಡ್ರಮ್ಮು ಬೇರೆ. ಮಗ್ಗುಲು ಬದಲಿಸಿ ಸಾಕಾಗಿ "ಸ್ವಲ್ಪ ಮೆಲ್ಲಗೆ" ಎನ್ನಲು ಹೋದರೆ ಫೋನಿನಲ್ಲಿ ನನ್ನದೇ "ಎಬ್ಬಿಸಲಿ" ತೋರಿಸುತ್ತಾಳೆ. ನಾನು ಬರೆದೇ ಇಲ್ಲ ಎನ್ನುವ ಹಾಗೂ ಇಲ್ಲ. ಮೇಷ್ಟರ ಅಭ್ಯಾಸ, ಕೆಳಗೆ ಹೆಸರು ಹಾಕಿ "ಪರಿಶೀಲಿಸಲಾಗಿದೆ" ಎಂದೂ ಬರೆದಿದ್ದೇನೆ.